ಹೆಸರು ಇಬ್ಬರದು, ಹಣ ಯಾರದು?

ಬ್ಯಾಂಕಿನ ಒಂದೇ ಖಾತೆಯನ್ನು ಇಬ್ಬರು ತಮ್ಮಿಬ್ಬರ ಹೆಸರಿನಲ್ಲಿ ತೆರೆದು ನಡೆಸುವ ವ್ಯವಸ್ಥೆಗೆ ಜಂಟಿ ಖಾತೆ ಎಂದು ಹೆಸರು. ಗಂಡ ಹೆಂಡತಿ, ವಯಸ್ಸಾದ ತಾಯಿ ಮತ್ತು ಮಗ, ಪಿತ್ರಾರ್ಜಿತ ಜಮೀನು ಮಾರಿ ಬಂದ ದುಡ್ಡನ್ನು ಇನ್ನೂ ಹಂಚಿಕೊಳ್ಳದ ಅಣ್ಣತಮ್ಮಂದಿರು, ಹೀಗೆ ನಾನಾ ಬಗೆಯ ಜೋಡಿಗಳು ಇಂಥ ಖಾತೆಯನ್ನು ತೆರೆಯುತ್ತಾರೆ. ಆದರೆ ನಮೂನೆಯ ಕೊನೆಯ ಪುಟದಲ್ಲಿ ಇಬ್ಬರೂ ಸಹಿ ಹಾಕುವಾಗ ತಾವು ಒಪ್ಪಿಕೊಳ್ಳುತ್ತಿರುವುದು ಏನನ್ನು ಎಂಬುದು ಬಹುಮಂದಿಗೆ ಸ್ಪಷ್ಟವಾಗಿರುವುದಿಲ್ಲ. ಖಾತೆಯಿಂದ ಹಣವನ್ನು ಯಾರು ತೆಗೆಯಬಹುದು ಎಂಬುದು ಒಂದು ಪ್ರಶ್ನೆ, ಆ ಹಣ ಯಾರಿಗೆ ಸೇರಿದ್ದು ಎಂಬುದು ಇನ್ನೊಂದು. ಬ್ಯಾಂಕಿನ ನಮೂನೆ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ; ಎರಡನೆಯದರ ಉತ್ತರ ಒಪ್ಪಂದ, ಉತ್ತರಾಧಿಕಾರ ಮತ್ತು ತೆರಿಗೆಯ ಕಾನೂನುಗಳಲ್ಲಿ ಚದುರಿಹೋಗಿದ್ದು, ಆ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದೂ ಇಲ್ಲ.

ಬ್ಯಾಂಕಿನಲ್ಲಿ ಇಟ್ಟ ಠೇವಣಿ ಕಾನೂನಿನ ದೃಷ್ಟಿಯಲ್ಲಿ ಒಂದು ಸಾಲ. ಠೇವಣಿದಾರ ಸಾಲ ಕೊಟ್ಟವನು, ಬ್ಯಾಂಕು ಸಾಲಗಾರ. ಜಂಟಿ ಖಾತೆಯಲ್ಲಿ ಸಾಲ ಕೊಟ್ಟವರು ಇಬ್ಬರಿರುತ್ತಾರೆ, ಆದ್ದರಿಂದ ಬ್ಯಾಂಕು ಯಾರ ಕೈಗೆ ಹಣ ಕೊಟ್ಟರೆ ಅದರ ಋಣ ತೀರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ. ಏನೂ ಬರೆಯದೆ ಹೋದರೆ 1872ರ ಭಾರತೀಯ ಒಪ್ಪಂದ ಕಾಯಿದೆಯ 45ನೆಯ ಕಲಂ ಅನ್ವಯವಾಗುತ್ತದೆ. ಅದರ ಪ್ರಕಾರ ಇಬ್ಬರಿಗೆ ಒಟ್ಟಾಗಿ ಕೊಟ್ಟ ಮಾತನ್ನು ಈಡೇರಿಸಿಕೊಳ್ಳುವ ಹಕ್ಕು ಇಬ್ಬರೂ ಬದುಕಿರುವಷ್ಟು ಕಾಲ ಇಬ್ಬರಿಗೂ ಸೇರಿದ್ದು, ಒಬ್ಬರು ತೀರಿಕೊಂಡ ಮೇಲೆ ಬದುಕಿರುವವರ ಜೊತೆ ತೀರಿಕೊಂಡವರ ಪ್ರತಿನಿಧಿಗಳಿಗೂ ಸೇರುತ್ತದೆ. ಎಂದರೆ ಗಂಡ ಹೆಂಡತಿ ಇಬ್ಬರೂ ಸೇರಿಯೇ ಸಹಿ ಮಾಡತಕ್ಕದ್ದು ಎಂದಷ್ಟೇ ಬರೆದುಕೊಟ್ಟು ಖಾತೆ ತೆರೆದಿದ್ದರೆ, ಗಂಡ ತೀರಿಹೋದ ಮೇಲೆ ಹೆಂಡತಿಯೊಬ್ಬಳ ಸಹಿಗೆ ಹಣ ಸಿಗುವುದಿಲ್ಲ. ಗಂಡನ ಎಲ್ಲ ವಾರಸುದಾರರೂ ಬಂದು ನಿಲ್ಲಬೇಕಾಗುತ್ತದೆ. ಈ ತೊಡಕನ್ನು ತಪ್ಪಿಸಿಕೊಳ್ಳಲೆಂದು ಬ್ಯಾಂಕುಗಳು ರೂಢಿಗೆ ತಂದ ಷರತ್ತೇ ‘ಐದರ್ ಆರ್ ಸರ್ವೈವರ್’, ಅಂದರೆ ಇಬ್ಬರಲ್ಲಿ ಯಾರಾದರೊಬ್ಬರು, ಒಬ್ಬರು ಇಲ್ಲವಾದರೆ ಉಳಿದವರು ಎಂಬುದು. ಕೌಂಟರಿನ ಆಚೆ ಈಚೆ ಎರಡೂ ಕಡೆಯವರು ಇದನ್ನು ಇಂಗ್ಲಿಷಿನ ಮೊದಲಕ್ಷರಗಳಲ್ಲಿ ‘ಇ ಆರ್ ಎಸ್’ ಎಂದೇ ಕರೆಯುತ್ತಾರೆ.

ಖಾತೆ ನಡೆಸುವ ಬಗೆಗಳು ಇನ್ನೂ ಕೆಲವಿವೆ. ‘ಫಾರ್ಮರ್ ಆರ್ ಸರ್ವೈವರ್’ ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವಷ್ಟು ಕಾಲ ಅವರೊಬ್ಬರದೇ ಅಧಿಕಾರ, ಎರಡನೆಯವರ ಸರದಿ ಅವರ ನಂತರವೇ. ನಿವೃತ್ತಿಯ ಹಣವನ್ನು ನಿಶ್ಚಿತ ಠೇವಣಿಯಲ್ಲಿ ಇಡುವ ಹಿರಿಯರು ಮಕ್ಕಳ ಹೆಸರನ್ನು ಸೇರಿಸುವಾಗ ಇದನ್ನು ಆರಿಸಿಕೊಂಡರೆ, ಬದುಕಿರುವವರೆಗೆ ಹಿಡಿತ ತಮ್ಮ ಕೈಯಲ್ಲೇ ಇರುತ್ತದೆ. ‘ಜಾಯಿಂಟ್ಲಿ ಆರ್ ಸರ್ವೈವರ್’ ಎಂಬಲ್ಲಿ ಇಬ್ಬರೂ ಇರುವ ತನಕ ಪ್ರತಿ ಚೆಕ್ಕಿಗೂ ಎರಡು ಸಹಿ ಬೇಕು, ಒಬ್ಬರು ಹೋದ ಮೇಲೆ ಉಳಿದವರ ಒಂದೇ ಸಹಿ ಸಾಕು. ಇಂಥ ಖಾತೆಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಎಟಿಎಂ ಕಾರ್ಡನ್ನಾಗಲಿ ಫೋನಿನಿಂದ ಹಣ ಕಳಿಸುವ ಸೌಲಭ್ಯವನ್ನಾಗಲಿ ಕೊಡುವುದಿಲ್ಲ, ಏಕೆಂದರೆ ಪಿನ್ ಒತ್ತುವ ಬೆರಳು ಒಬ್ಬರದೇ. ಅಂಚೆ ಕಚೇರಿಯ ಉಳಿತಾಯ ಯೋಜನೆಗಳಲ್ಲಿ ಇದೇ ವಿಂಗಡಣೆಯನ್ನು ‘ಜಾಯಿಂಟ್ ಎ’, ‘ಜಾಯಿಂಟ್ ಬಿ’ ಎಂದು ಕರೆಯುತ್ತಾರೆ: ಮೊದಲನೆಯದರಲ್ಲಿ ಎಲ್ಲರೂ ಸೇರಿ ಸಹಿ ಮಾಡಬೇಕು, ಎರಡನೆಯದರಲ್ಲಿ ಯಾರೊಬ್ಬರು ಮಾಡಿದರೂ ನಡೆಯುತ್ತದೆ. ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, ಮಾತ್ರ ಎಲ್ಲಿಯೂ ಜಂಟಿಯಾಗಿ ತೆರೆಯಲು ಬರುವುದಿಲ್ಲ.

ಉಳಿದವರಿಗೆ ಸಿಗುವುದು ಏನು?

ಇ ಆರ್ ಎಸ್ ಎಂದು ಬರೆದ ಮಾತ್ರಕ್ಕೆ ಒಬ್ಬರ ನಂತರ ಹಣವೆಲ್ಲ ಇನ್ನೊಬ್ಬರದಾಯಿತು ಎಂಬುದು ಬಹಳ ಹರಡಿರುವ ನಂಬಿಕೆ. ಈ ನಂಬಿಕೆ ನಿಲ್ಲುವುದಿಲ್ಲ ಎಂದು ಸುಮಾರು ನೂರು ವರ್ಷಗಳ ಹಿಂದೆಯೇ ತೀರ್ಮಾನವಾಗಿದೆ. ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತದ ಮೊಕದ್ದಮೆಗಳಿಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊನೆಯ ಮೇಲ್ಮನವಿ ನ್ಯಾಯಸ್ಥಾನವಾಗಿತ್ತು; ಅದು 1928ರಲ್ಲಿ ಗುರಾನ್ ದಿತ್ತಾ ಮತ್ತು ರಾಮ್ ದಿತ್ತಾ ನಡುವಣ ವ್ಯಾಜ್ಯದಲ್ಲಿ, ಹಿಂದೂ ಗಂಡನೊಬ್ಬ ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ, ಇಬ್ಬರಲ್ಲಿ ಒಬ್ಬರಿಗೆ ಅಥವಾ ಉಳಿದವರಿಗೆ ಸಲ್ಲತಕ್ಕದ್ದು ಎಂಬ ಷರತ್ತಿನೊಡನೆ ಬ್ಯಾಂಕಿನಲ್ಲಿಟ್ಟರೆ, ಅಷ್ಟರಿಂದಲೇ ಅದು ಅವನ ಮರಣಾನಂತರ ಹೆಂಡತಿಗೆ ಕೊಟ್ಟ ದಾನವಾಗುವುದಿಲ್ಲ ಎಂದು ಹೇಳಿತು. ದಾನ ಮಾಡುವ ಉದ್ದೇಶವಿತ್ತು ಎಂಬುದನ್ನು ಬೇರೆಯಾಗಿ ರುಜುವಾತು ಮಾಡದಿದ್ದರೆ ಹಣ ಗಂಡನದೇ, ಹೆಂಡತಿ ಅವನ ಪರವಾಗಿ ಅದನ್ನು ಇಟ್ಟುಕೊಂಡವಳು ಮಾತ್ರ. ಆ ಕಾಲದ ಇಂಗ್ಲೆಂಡಿನಲ್ಲಿ ಗಂಡ ಹೆಂಡತಿಯ ಹೆಸರಿಗೆ ಹಣ ಹಾಕಿದರೆ ಅದು ಅವಳ ಹಿತಕ್ಕಾಗಿ ಕೊಟ್ಟದ್ದೇ ಎಂದು ನ್ಯಾಯಾಲಯಗಳು ಊಹಿಸಿಕೊಳ್ಳುತ್ತಿದ್ದವು. ಭಾರತದಲ್ಲಿ ಮನೆಯ ಯಜಮಾನನ ಆಸ್ತಿಯನ್ನು ಹೆಂಡತಿ, ಮಗ, ಭಾವಮೈದುನನ ಹೆಸರಿನಲ್ಲಿ ಇಡುವ ಬೇನಾಮಿ ಪದ್ಧತಿ ಅತ್ಯಂತ ಸಾಮಾನ್ಯವಾಗಿದ್ದುದರಿಂದ, ಹೆಸರನ್ನು ನೋಡಿ ಉದ್ದೇಶವನ್ನು ಊಹಿಸುವುದು ಇಲ್ಲಿ ಸಲ್ಲದು ಎಂಬುದು ಪ್ರಿವಿ ಕೌನ್ಸಿಲ್ ಹಿಡಿದ ದಾರಿ. ತೀರ್ಪಿನ ತರ್ಕ ಸರಿಯಾದದ್ದೇ. ಆದರೆ ಅದರ ಭಾರ ಬಿದ್ದದ್ದು ಬಹುಪಾಲು ವಿಧವೆಯರ ಮೇಲೆ ಎಂಬುದನ್ನೂ ಮರೆಯುವಂತಿಲ್ಲ.

ಇದನ್ನು ಲೆಕ್ಕದಲ್ಲಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಗಂಡನ ಸಂಬಳದಿಂದ ಉಳಿಸಿದ 12 ಲಕ್ಷ ರೂಪಾಯಿ ಗಂಡ ಹೆಂಡತಿಯರ ಇ ಆರ್ ಎಸ್ ಖಾತೆಯಲ್ಲಿದೆ, ಗಂಡ ಉಯಿಲು ಬರೆಯದೆ ತೀರಿಕೊಂಡಿದ್ದಾನೆ, ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಮತ್ತು ಗಂಡನ ತಾಯಿ ಇದ್ದಾರೆ ಎಂದಿಟ್ಟುಕೊಳ್ಳಬಹುದು. ಹೆಂಡತಿ ಮರಣ ಪ್ರಮಾಣಪತ್ರ ಮತ್ತು ತನ್ನ ಗುರುತಿನ ದಾಖಲೆ ತೋರಿಸಿದರೆ ಬ್ಯಾಂಕು ಪೂರ್ತಿ 12 ಲಕ್ಷವನ್ನು ಅವಳ ಕೈಗೆ ಕೊಡುತ್ತದೆ, ಕೊಡಲೇಬೇಕು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲಿಲ್ಲದೆ ಸತ್ತ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳು ಮತ್ತು ತಾಯಿ ಎಲ್ಲರೂ ಸಮಪಾಲಿನವರು. ಲೆಕ್ಕಕ್ಕೆ ಹೆಂಡತಿಯ ಪಾಲು 3 ಲಕ್ಷ, ಅತ್ತೆಯ ಪಾಲೂ 3 ಲಕ್ಷ. ತನ್ನ ಪಾಲು ಬಿಟ್ಟು ಉಳಿದ 9 ಲಕ್ಷಕ್ಕೆ ಅವಳು ವಾರಸುದಾರರ ಪರವಾಗಿ ಹಣ ಪಡೆದ ವಿಶ್ವಸ್ಥಳಷ್ಟೆ. ಮನಸ್ತಾಪವಿಲ್ಲದ ಮನೆಗಳಲ್ಲಿ ಯಾರೂ ಈ ಲೆಕ್ಕ ಕೇಳುವುದಿಲ್ಲ. ಕೇಳುವವರು ಇದ್ದಲ್ಲಿ ಅವರು ಬ್ಯಾಂಕಿಗಲ್ಲ, ನ್ಯಾಯಾಲಯಕ್ಕೆ ಹೋಗಬೇಕು. ಖಾತೆಯಲ್ಲಿದ್ದುದು ಹೆಂಡತಿಯದೇ ಸಂಬಳವಾಗಿದ್ದರೆ, ಅಥವಾ ಅವಳ ತವರಿನವರು ಕೊಟ್ಟದ್ದಾಗಿದ್ದರೆ ಇಡೀ ಲೆಕ್ಕವೇ ಬದಲಾಗುತ್ತದೆ, ಆದರೆ ಅದನ್ನು ತೋರಿಸುವ ಹೊಣೆ ಅವಳದು. ಅದಕ್ಕೆ ಆಧಾರವಾಗುವುದು ಹಣ ಯಾವ ದಿನ ಎಲ್ಲಿಂದ ಜಮೆಯಾಯಿತು ಎಂಬುದನ್ನು ಸಾಲುಸಾಲಾಗಿ ಹೇಳುವ ಪಾಸ್‌ಬುಕ್ಕಿನ ನಮೂದುಗಳು. ವರ್ಷಗಟ್ಟಲೆ ಪಾಸ್‌ಬುಕ್ ಮುದ್ರಿಸಿಕೊಳ್ಳದೆ ಬಿಡುವ ಅಭ್ಯಾಸದ ಬೆಲೆ ತಿಳಿಯುವುದು ಇಂಥ ವೇಳೆಯಲ್ಲೇ.

ಈ ಮಾತನ್ನು ಬ್ಯಾಂಕುಗಳು ಬಚ್ಚಿಟ್ಟಿವೆ ಎನ್ನಲಾಗದು. ಮೃತ ಠೇವಣಿದಾರರ ಖಾತೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2005ರಲ್ಲಿ ಹೊರಡಿಸಿದ ಸುತ್ತೋಲೆಯೇ, ಉಳಿದವರಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರುವುದಕ್ಕೆ ಮೂರು ಷರತ್ತುಗಳನ್ನು ಹಾಕಿತ್ತು: ಹಣ ಪಡೆಯುವವರ ಗುರುತನ್ನೂ ಮರಣವನ್ನೂ ಸರಿಯಾಗಿ ಪರಿಶೀಲಿಸಿರಬೇಕು, ನ್ಯಾಯಾಲಯದ ತಡೆಯಾಜ್ಞೆ ಇರಬಾರದು, ಮತ್ತು ಹಣವನ್ನು ವಾರಸುದಾರರ ವಿಶ್ವಸ್ಥರಾಗಿಯೇ ಪಡೆಯುತ್ತಿದ್ದೀರಿ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸಿರಬೇಕು. ಮೂರನೆಯದನ್ನು ನಮೂನೆಯ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿದರೆ ತಿಳಿಸಿದ ಹಾಗಾಯಿತೇ ಎಂಬುದು ಬೇರೆ ಮಾತು. ಅಂತೂ ಇ ಆರ್ ಎಸ್ ಷರತ್ತು ಇರುವುದು ಬ್ಯಾಂಕಿಗೆ ನೆಮ್ಮದಿ ಕೊಡಲಿಕ್ಕೆ ಮತ್ತು ಮನೆಯವರನ್ನು ಅಲೆದಾಟದಿಂದ ತಪ್ಪಿಸಲಿಕ್ಕೆ; ಆಸ್ತಿ ಹಂಚಲಿಕ್ಕಲ್ಲ. ಉಳಿದವರಿಗೇ ಹಣ ಸೇರಬೇಕೆಂಬ ಇಚ್ಛೆ ಇದ್ದರೆ ಅದನ್ನು ಉಯಿಲಿನಲ್ಲಿ ಬರೆಯುವುದೇ ಸರಿ.

ನಾಮಿನಿಯ ವಿಷಯವೂ ಇದೇ ಜಾಡಿನದು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 45 ಜಡ್‌ಎ ಕಲಮಿನ ಪ್ರಕಾರ ನೇಮಕವಾದ ನಾಮಿನಿ ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಹೇಳಿದೆ. ಜಂಟಿ ಖಾತೆಯಲ್ಲಿ ನಾಮಿನಿಯ ಸರದಿ ಬರುವುದು ಖಾತೆದಾರರು ಇಬ್ಬರೂ ಇಲ್ಲವಾದ ಮೇಲೆಯೇ. ಗಂಡ ಸತ್ತಾಗ ನಾಮಿನಿಯಾದ ಮಗ ಬಂದು ಹಣ ಕೇಳಿದರೆ ಬ್ಯಾಂಕು ಕೊಡುವುದಿಲ್ಲ. 2025ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದಾಗಿ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಅವರಿಗೆ ಏಕಕಾಲದಲ್ಲಿ ಇಷ್ಟಿಷ್ಟು ಪಾಲು ಎಂದಾದರೂ, ಒಬ್ಬರಾದ ಮೇಲೆ ಒಬ್ಬರು ಎಂದಾದರೂ ಬರೆಯಬಹುದು. ಲಾಕರಿಗೆ ಮಾತ್ರ ಒಬ್ಬರಾದ ಮೇಲೆ ಒಬ್ಬರು ಎಂಬ ಕ್ರಮ ಒಂದೇ.

ಮೊದಲ ಹೆಸರಿನ ತೂಕ

ಪಾಸ್‌ಬುಕ್ಕಿನಲ್ಲಿ ಎರಡು ಹೆಸರಿದ್ದರೂ ಅವುಗಳ ಅನುಕ್ರಮಕ್ಕೆ ಅರ್ಥವಿದೆ. ನಿಶ್ಚಿತ ಠೇವಣಿಯ ಬಡ್ಡಿಯಿಂದ ಮೂಲದಲ್ಲೇ ತೆರಿಗೆ ಹಿಡಿಯುವಾಗ, ಜನರ ಮಾತಿನಲ್ಲಿ ಟಿಡಿಎಸ್ ಕತ್ತರಿಸುವಾಗ, ಬ್ಯಾಂಕು ಸಾಮಾನ್ಯವಾಗಿ ನೋಡುವುದು ಮೊದಲ ಹೆಸರಿನವರ ಪ್ಯಾನ್ ಸಂಖ್ಯೆಯನ್ನು. ಹಾಗೆಂದು ಬಡ್ಡಿ ಅವರದೇ ಆದಾಯವಾಗಬೇಕೆಂದಿಲ್ಲ. ದುಡ್ಡು ಯಾರದೋ ಆದಾಯ ಅವರದು ಎಂಬುದು ತೆರಿಗೆಯ ಮೂಲ ನಿಯಮ, ಮತ್ತು ಹಿಡಿದ ತೆರಿಗೆಯ ಲಾಭ ಎರಡನೆಯವರಿಗೆ ಸಲ್ಲಬೇಕೆಂದಿದ್ದರೆ ಮೊದಲನೆಯವರು ಬ್ಯಾಂಕಿಗೆ ಘೋಷಣೆ ಬರೆದುಕೊಡಲು ಅವಕಾಶವಿದೆ. ಗಂಡ ತನ್ನ ಹಣವನ್ನು ಹೆಂಡತಿಯ ಹೆಸರಿಗೆ ಸುಮ್ಮನೆ ವರ್ಗಾಯಿಸಿ ಠೇವಣಿ ಇಡಿಸಿದರೆ ಅದರ ಬಡ್ಡಿಯನ್ನು ಗಂಡನ ಆದಾಯಕ್ಕೇ ಸೇರಿಸಿ ಲೆಕ್ಕ ಹಾಕಲಾಗುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 64ನೆಯ ಕಲಮಿನಲ್ಲಿದ್ದ ಈ ನಿಯಮ, 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಕಾಯಿದೆಯಲ್ಲೂ ಉಳಿದುಕೊಂಡಿದೆ.

ವಿಚಿತ್ರವೆಂದರೆ ಅದೇ 1961ರ ಕಾಯಿದೆ ಬಾಕಿ ವಸೂಲಿಯ ಸಂದರ್ಭದಲ್ಲಿ ಬೇರೊಂದು ಊಹೆಯನ್ನು ಹಿಡಿಯುತ್ತದೆ. ತೆರಿಗೆ ಬಾಕಿ ಉಳಿಸಿಕೊಂಡವನ ಜಂಟಿ ಖಾತೆಯ ಮೇಲೆ ಅಧಿಕಾರಿ ನೋಟಿಸು ಜಾರಿ ಮಾಡಿದಾಗ, ಬೇರೆ ರುಜುವಾತು ಸಿಗುವವರೆಗೆ ಖಾತೆದಾರರ ಪಾಲು ಸಮಸಮ ಎಂದು ಭಾವಿಸತಕ್ಕದ್ದು ಎಂದು 226ನೆಯ ಕಲಂ ಹೇಳುತ್ತದೆ. ಹೀಗೆ ಒಂದೇ ಪಾಸ್‌ಬುಕ್ಕನ್ನು ಕ್ಯಾಷಿಯರು ಇಬ್ಬರಲ್ಲಿ ಯಾರು ಬಂದರೂ ಪೂರ್ತಿ ಅವರದೇ ಎಂದು ಓದುತ್ತಾನೆ, ಟಿಡಿಎಸ್ ಕತ್ತರಿಸುವ ಯಂತ್ರ ಮೊದಲ ಹೆಸರಿನವರದೆಂದು ಓದುತ್ತದೆ, ವಸೂಲಿ ಅಧಿಕಾರಿ ಅರ್ಧರ್ಧ ಎಂದು ಓದುತ್ತಾನೆ, ಸಿವಿಲ್ ನ್ಯಾಯಾಲಯ ಹಣ ಹಾಕಿದವರು ಯಾರೆಂದು ಹುಡುಕಿ ಅವರದೆಂದು ಓದುತ್ತದೆ. ಯಾರ ಓದೂ ತಪ್ಪಲ್ಲ, ಏಕೆಂದರೆ ಅವರು ಕೇಳಿಕೊಳ್ಳುತ್ತಿರುವ ಪ್ರಶ್ನೆಗಳೇ ಬೇರೆ.

ಹೆಸರುಗಳ ಅನುಕ್ರಮ ಅನಿರೀಕ್ಷಿತವಾಗಿ ನೆರವಿಗೆ ಬರುವ ಜಾಗ ಠೇವಣಿ ವಿಮೆ. ಬ್ಯಾಂಕು ಮುಳುಗಿದಾಗ ಠೇವಣಿದಾರರಿಗೆ ಹಣ ಕೊಡುವ ಠೇವಣಿ ವಿಮಾ ನಿಗಮ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಭರವಸೆ ಕೊಡುತ್ತದೆ. 1993ರಿಂದ 1 ಲಕ್ಷವಾಗಿದ್ದ ಈ ಮಿತಿಯನ್ನು 2020ರ ಫೆಬ್ರವರಿ 4ರಂದು ಏರಿಸಲಾಯಿತು. ನಿಗಮದ ನಿಯಮದಂತೆ ಒಬ್ಬರ ಸ್ವಂತ ಖಾತೆಯೂ ಜಂಟಿ ಖಾತೆಯೂ ಬೇರೆಬೇರೆ ಹಕ್ಕಿನವು, ಹೆಸರುಗಳ ಅನುಕ್ರಮ ಬದಲಾದರೆ ಜಂಟಿ ಖಾತೆಗಳೂ ಬೇರೆಬೇರೆಯೇ. ಗಂಡನ ಹೆಸರು ಮೊದಲಿರುವ ಒಂದು, ಹೆಂಡತಿಯ ಹೆಸರು ಮೊದಲಿರುವ ಇನ್ನೊಂದು, ಜೊತೆಗೆ ಇಬ್ಬರಿಗೂ ಒಂದೊಂದು ಸ್ವಂತ ಖಾತೆ ಇದ್ದರೆ ಅದೇ ಬ್ಯಾಂಕಿನಲ್ಲಿ ಒಟ್ಟು 20 ಲಕ್ಷದವರೆಗೆ ರಕ್ಷಣೆ ಸಿಕ್ಕಂತಾಗುತ್ತದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿ, ಹಣ ತೆಗೆಯುವುದನ್ನು 35,000 ರೂಪಾಯಿಗೆ ಮಿತಿಗೊಳಿಸಿದಾಗ, ನಿವೃತ್ತಿಯ ಉಳಿತಾಯವನ್ನೆಲ್ಲ ಒಂದೇ ಕಡೆ ಇಟ್ಟಿದ್ದ ಕುಟುಂಬಗಳಿಗೆ ಈ ವಿಮೆಯ ಸೂಕ್ಷ್ಮಗಳು ಬಹಳ ಮುಖ್ಯವಾದವು. ಹೆಚ್ಚು ಬಡ್ಡಿಯ ಆಸೆಗೆ ಒಂದೇ ಬ್ಯಾಂಕನ್ನು ನೆಚ್ಚುವವರಿಗೆ ಹೀಗೆ ಹೆಸರುಗಳ ಅನುಕ್ರಮ ಬದಲಿಸುವುದು ಉಪಾಯವೇ ಹೊರತು ಪರಿಹಾರವಲ್ಲ.

ಚೆಕ್ ಬೌನ್ಸ್ ಆದಾಗ ಇಬ್ಬರೂ ಅಪರಾಧಿಗಳೇ ಎಂಬ ಭಯಕ್ಕೆ ಆಧಾರವಿಲ್ಲ. ಚೆಕ್ಕಿಗೆ ಸಹಿ ಮಾಡಿದವರ ಮೇಲೆ ಮಾತ್ರ ಮೊಕದ್ದಮೆ ಹೂಡಬಹುದು, ಜಂಟಿ ಖಾತೆದಾರರೆಂಬ ಕಾರಣಕ್ಕೆ ಸಹಿ ಮಾಡದ ಹೆಂಡತಿಯನ್ನು ಆರೋಪಿಯನ್ನಾಗಿ ಮಾಡಲಾಗದು ಎಂದು ಸುಪ್ರೀಂ ಕೋರ್ಟು 2013ರ ಅಪರ್ಣಾ ಶಾ ಪ್ರಕರಣದಲ್ಲಿ ಹೇಳಿದೆ.

ಮನಸ್ತಾಪ ಬಂದಾಗ

ಇಬ್ಬರೂ ಬದುಕಿರುವಾಗಲೇ ಸಂಬಂಧ ಕೆಡುವ ಸಂದರ್ಭಕ್ಕೆ ಇ ಆರ್ ಎಸ್ ಷರತ್ತು ಬಹಳ ದುರ್ಬಲವಾದ ರಕ್ಷಣೆ. ಒಬ್ಬರು ಬೆಳಿಗ್ಗೆ ಹೋಗಿ ಪೂರ್ತಿ ಹಣ ತೆಗೆದರೆ ಬ್ಯಾಂಕನ್ನು ದೂರುವಂತಿಲ್ಲ. ಒಪ್ಪಂದದಂತೆಯೇ ಅದು ನಡೆದುಕೊಂಡಿದೆ. ಆದರೆ ಒಬ್ಬರು ಮುಂಚೆಯೇ ಶಾಖೆಗೆ ಹೋಗಿ, ಇನ್ನು ಮುಂದೆ ಒಬ್ಬರ ಸಹಿಗೆ ಹಣ ಕೊಡಬಾರದು ಎಂದು ಬರೆದುಕೊಟ್ಟರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ಆ ತಡೆಯನ್ನು ತೆಗೆಯಲು, ಖಾತೆ ನಡೆಸುವ ಬಗೆಯನ್ನು ಬದಲಿಸಲು, ಒಂದು ಹೆಸರನ್ನು ಬಿಡಲು ಇಬ್ಬರ ಸಹಿಯೂ ಬೇಕು. ನಿಲ್ಲಿಸಲು ಒಬ್ಬರು ಸಾಕು, ಮತ್ತೆ ನಡೆಸಲು ಇಬ್ಬರೂ ಬೇಕು ಎಂಬ ಈ ಏರ್ಪಾಡಿನಲ್ಲಿ ವಿವೇಕವಿದೆ, ಜೊತೆಗೆ ಸಂಬಳ ಅದೇ ಖಾತೆಗೆ ಬೀಳುತ್ತಿದ್ದರೆ ತೊಂದರೆಯೂ ಇದೆ.

ಮೊಣಕಾಲು ನೋವಿನಿಂದ ಬ್ಯಾಂಕಿನ ಮೆಟ್ಟಿಲು ಹತ್ತಲಾಗದ ಹಿರಿಯರು ಮಗನನ್ನೋ ಮಗಳನ್ನೋ ಜಂಟಿ ಖಾತೆದಾರರನ್ನಾಗಿ ಮಾಡಿಕೊಳ್ಳುವುದು ಕರ್ನಾಟಕದ ಊರು ಊರಲ್ಲೂ ಕಾಣುವ ಸಂಗತಿ. ಉದ್ದೇಶ ಹಣ ತಂದುಕೊಡಲು ಒಬ್ಬರು ಬೇಕೆಂಬುದಷ್ಟೇ ಆಗಿದ್ದರೆ ಅದಕ್ಕೆ ಜಂಟಿ ಖಾತೆ ಅಗತ್ಯಕ್ಕಿಂತ ದೊಡ್ಡ ಏರ್ಪಾಡು. ಖಾತೆಯನ್ನು ತಮ್ಮ ಪರವಾಗಿ ಇಂಥವರು ನಡೆಸಬಹುದು ಎಂಬ ಅಧಿಕಾರಪತ್ರವನ್ನು ಬ್ಯಾಂಕಿಗೆ ಕೊಟ್ಟರೆ ಸಾಕು, ಅದನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಅದು ಕೊಟ್ಟವರ ಮರಣದೊಡನೆ ತಾನಾಗಿ ಕೊನೆಗೊಳ್ಳುವುದರಿಂದ, ಹಣ ತರಲು ಹೋಗುತ್ತಿದ್ದ ಒಬ್ಬ ಮಗನಿಗೂ ದೂರದಲ್ಲಿರುವ ಉಳಿದ ಮಕ್ಕಳಿಗೂ ನಡುವೆ ಸಂಶಯ ಹುಟ್ಟುವ ಸಂದರ್ಭವೂ ಕಡಿಮೆ. ಪಿಂಚಣಿಯದು ಬೇರೆ ಕಥೆ. ಕೇಂದ್ರ ಸರ್ಕಾರದ ಪಿಂಚಣಿದಾರರು ಗಂಡ ಅಥವಾ ಹೆಂಡತಿಯ ಜೊತೆಗಿನ ಜಂಟಿ ಖಾತೆಯಲ್ಲಿ ಪಿಂಚಣಿ ಪಡೆಯಬಹುದು, ನಂತರ ಕುಟುಂಬ ಪಿಂಚಣಿಯೂ ಅದೇ ಖಾತೆಗೆ ಬರುವಂತೆ ಮಾಡಿಕೊಳ್ಳಬಹುದು. ಅಲ್ಲಿ ಜಂಟಿ ಖಾತೆ ನಿಜಕ್ಕೂ ಅನುಕೂಲ.

ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಇನ್ನೂ ಒಂದು ಸುತ್ತಿನ ನಿಯಮಗಳಿವೆ. ಅನಿವಾಸಿ ಭಾರತೀಯರು ಹೊರದೇಶದ ಗಳಿಕೆಯನ್ನು ಇಡುವ ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ತಂದೆ ತಾಯಿಯರಂಥ ಸಂಬಂಧಿಕರನ್ನು ಸೇರಿಸಿಕೊಳ್ಳಬಹುದು, ಆದರೆ ಫಾರ್ಮರ್ ಆರ್ ಸರ್ವೈವರ್ ಎಂಬ ಬಗೆಯಲ್ಲಿ ಮಾತ್ರ. ಮಗ ಬದುಕಿರುವಾಗ ಅವರು ಅದನ್ನು ನಡೆಸಬೇಕಾದರೆ ಅವನು ಕೊಟ್ಟ ಮುಖ್ತಾರುನಾಮೆಯ, ಅಂದರೆ ಪವರ್ ಆಫ್ ಅಟಾರ್ನಿಯ, ಬಲದಿಂದಲೇ ನಡೆಸಬೇಕು. ಊರಿನ ಅಪ್ಪನ ಉಳಿತಾಯ ಖಾತೆಗೆ ಅಮೆರಿಕದಲ್ಲಿರುವ ಮಗಳ ಹೆಸರನ್ನು ಇ ಆರ್ ಎಸ್ ಆಗಿ ಸೇರಿಸಲೂ ಅವಕಾಶವಿದ್ದು, ಆಕೆ ಅಪ್ಪನ ಪರವಾಗಿ, ದೇಶದೊಳಗಿನ ಖರ್ಚಿಗೆ ಮಾತ್ರ ಅದನ್ನು ಬಳಸಬೇಕು. ಅಪ್ಪನ ನಂತರ ಖಾತೆ ಆಕೆಗೆ ಉಳಿದರೆ ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕಾಗುತ್ತದೆ.

ಒಬ್ಬರು ತೀರಿಕೊಂಡ ಮೇಲೆ ಉಳಿದವರಿಗೆ ಅತಿ ಹೆಚ್ಚು ಆಶ್ಚರ್ಯ ತರುವುದು ನಿಶ್ಚಿತ ಠೇವಣಿ. ಉಳಿತಾಯ ಖಾತೆಯ ಹಣ ಸುಲಭವಾಗಿ ಕೈಗೆ ಬಂದ ಮೇಲೆ, ಅದೇ ಶಾಖೆಯಲ್ಲಿ ಅದೇ ಎರಡು ಹೆಸರಿನಲ್ಲಿರುವ ಎಫ್‌ಡಿಯನ್ನು ಆಸ್ಪತ್ರೆಯ ಬಾಕಿ ತೀರಿಸಲೆಂದು ಅವಧಿಗೆ ಮುಂಚೆ ಮುರಿಸಲು ಹೋದರೆ ಬ್ಯಾಂಕು ತಡೆಯಬಹುದು. ಅವಧಿ ಮುಗಿದ ದಿನ ಉಳಿದವರಿಗೆ ಹಣ ಕೊಡಲು ಇ ಆರ್ ಎಸ್ ಷರತ್ತು ಸಾಕಾದರೂ, ಅವಧಿಗೆ ಮುಂಚೆ ಕೊಡುವುದು ಮೂಲ ಒಪ್ಪಂದದ ಮಾರ್ಪಾಡು ಆಗುವುದರಿಂದ, ಇಬ್ಬರೂ ಇರುವಾಗ ಇಬ್ಬರ ಸಹಿ, ಒಬ್ಬರು ಇಲ್ಲವಾದಾಗ ಅವರ ವಾರಸುದಾರರ ಒಪ್ಪಿಗೆ ಬೇಕು ಎಂದು ರಿಸರ್ವ್ ಬ್ಯಾಂಕ್ 2011ರಲ್ಲಿ ಸ್ಪಷ್ಟಪಡಿಸಿತು. ಇದರಿಂದ ಆದ ಗೋಜಲನ್ನು ಕಂಡು ಮರುವರ್ಷ ಒಂದು ದಾರಿಯನ್ನೂ ತೆರೆಯಿತು: ಒಬ್ಬರು ತೀರಿಕೊಂಡರೆ ಉಳಿದವರಿಗೆ ಅವಧಿಗೆ ಮುಂಚೆಯೇ ಹಣ ಕೊಡಬಹುದು ಎಂದು ಇಬ್ಬರೂ ಸೇರಿ ಬರೆದುಕೊಟ್ಟಿದ್ದರೆ ವಾರಸುದಾರರನ್ನು ಕೇಳಬೇಕಾಗಿಲ್ಲ. ಈ ಸೂಚನೆಯನ್ನು ಠೇವಣಿ ಇಡುವ ದಿನವೇ ಕೊಡಬೇಕೆಂದಿಲ್ಲ, ಅವಧಿಯ ನಡುವೆ ಯಾವಾಗ ಬೇಕಾದರೂ ಕೊಡಬಹುದು. ಹಲವು ನಮೂನೆಗಳಲ್ಲಿ ಅದು ಒಂದು ಚೌಕದಲ್ಲಿ ಗುರುತು ಹಾಕಿ ಕೆಳಗೆ ಎರಡು ಸಹಿ ಮಾಡುವಷ್ಟು ಕೆಲಸ. ಗುರುತು ಹಾಕದೆ ಬಿಟ್ಟ ಹಳೆಯ ರಸೀತಿಗಳು ಬೀರುವಿನಲ್ಲಿದ್ದರೆ, ಇಬ್ಬರೂ ಶಾಖೆಗೆ ಹೋಗಿ ಅಷ್ಟನ್ನು ಈಗಲೇ ಬರೆದುಕೊಡಬಹುದು.